ಮರಕೆಸ ಹುಡುಕೋಕೆ ಲ್ಯಾಟಿನ್ ಗೊತ್ತಿರಬೇಕಾ?

ಹೋದ ಮಳೆಗಾಲ ಅವ್ವ ಫೋನಲ್ಲಿ ಅಂದ್ಲು, "ಈ ಸಲ ಪತ್ರೊಡೆ ಇಲ್ಲ ಕಣೋ. ರಸ್ತೆ ಅಗಲ ಮಾಡ್ತೀವಿ ಅಂತ ಹಳೇ ಮರನೆಲ್ಲ ಕಡಿದು ಹಾಕಿದ್ರು, ಮರಕೆಸ ಎಲ್ಲಿಂದ ತರ್ಲಿ?" ಸಕಲೇಶಪುರ ತಾಲೂಕಿನ ನಮ್ಮೂರಲ್ಲಿ ಮರಕೆಸವನ್ನ ಯಾರೂ ಬೆಳೆಯೋದಿಲ್ಲ. ಮಳೆ ಹಿಡಿದ ಮೇಲೆ ಪಾಚಿ ಕಟ್ಟಿದ ಮರದ ಕವಲಲ್ಲಿ ಅದೇ ಏಳುತ್ತೆ, ನಾವು ಕೊಯ್ದು ತಿಂತೀವಿ. ಮರ ಹೋದರೆ ಅದೂ ಹೋಯ್ತು.

ಅವತ್ತು ರಾತ್ರಿ ಲ್ಯಾಪ್‌ಟಾಪ್ ತೆಗೆದು ಕೂತೆ. ನಮ್ಮ ಕಡೆ ಇಂಥದ್ದೊಂದು ಗಿಡ ಇತ್ತು ಅನ್ನೋದಕ್ಕೆ ಎಲ್ಲಾದರೂ ದಾಖಲೆ ಇದೆಯಾ ಅನ್ನೋದಷ್ಟೇ ನನ್ನ ಪ್ರಶ್ನೆ.

ಇಂಥ ದಾಖಲೆ ಇರೋ ಜಾಗ ಹರ್ಬೇರಿಯಂ. ಗಿಡವನ್ನ ಹಳೇ ನ್ಯೂಸ್‌ಪೇಪರ್ ನಡುವೆ ಒತ್ತಿ ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ, ಮೂಲೆಯಲ್ಲಿ ಒಂದು ಲೇಬಲ್ ಹಚ್ಚುತ್ತಾರೆ. ಯಾರು, ಯಾವತ್ತು, ಎಲ್ಲಿ ಕಿತ್ತರು ಅನ್ನೋದು ಅದರಲ್ಲಿರುತ್ತೆ. ನನ್ನ ಪ್ರಕಾರ ಆ ಹಾಳೆಯ ಜೀವ ಇರೋದೇ ಲೇಬಲ್‌ನಲ್ಲಿ. ಒಣಗಿದ ಗಿಡಕ್ಕೆ ಬಣ್ಣ ಉಳಿಯಲ್ಲ, ವಾಸನೆ ಉಳಿಯಲ್ಲ, ಕೆಸುವಿನಂಥ ರಸಭರಿತ ಗಿಡಕ್ಕಂತೂ ಸರಿಯಾಗಿ ಆಕಾರವೂ ಉಳಿಯಲ್ಲ. ಯಾವ ಮರದ ಮೇಲಿತ್ತು, ಹಳ್ಳದ ಪಕ್ಕವೋ ಗುಡ್ಡದ ಮೇಲೋ ಅನ್ನೋದು ಬರೆದಿಟ್ಟರೆ ಮಾತ್ರ ಉಳಿಯುತ್ತೆ.

ಈ ವಿಷಯದಲ್ಲಿ ಹಾಸನ ಜಿಲ್ಲೆ ಪುಣ್ಯ ಮಾಡಿತ್ತು. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿದ್ದ ಪಾದ್ರಿ ಸೆಸಿಲ್ ಸಲ್ಡಾನಾ ಮತ್ತು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಡ್ಯಾನ್ ನಿಕೋಲ್ಸನ್ ಸೇರಿ 1976ರಲ್ಲಿ 'ಫ್ಲೋರಾ ಆಫ್ ಹಾಸನ್ ಡಿಸ್ಟ್ರಿಕ್ಟ್' ತಂದರು. ನಿಕೋಲ್ಸನ್ ಅವರ ಪರಿಣತಿ ಕೆಸುವಿನ ಕುಟುಂಬದಲ್ಲೇ! ಆ ಕೆಲಸಕ್ಕಾಗಿ ಕೂಡಿಸಿದ ಹಾಳೆಗಳ ಒಂದು ಸೆಟ್ ಬೆಂಗಳೂರಿನಲ್ಲಿ ಉಳಿಯಿತು (ಆ ಸಂಗ್ರಹ ಈಗ ಐಐಎಸ್ಸಿಯಲ್ಲಿದೆ), ಇನ್ನೊಂದು ವಾಷಿಂಗ್ಟನ್‌ಗೆ ಹೋಯಿತು.

ವಾಷಿಂಗ್ಟನ್‌ನವರು ಏರ್‌ಪೋರ್ಟಿನ ಲಗೇಜ್ ಬೆಲ್ಟಿನಂಥ ಬೆಲ್ಟ್ ಮೇಲೆ ಹಾಳೆಗಳನ್ನ ಓಡಿಸಿ, 2022ರ ಹೊತ್ತಿಗೆ ಸುಮಾರು 38 ಲಕ್ಷ ಹಾಳೆಗಳ ಫೋಟೋ ತೆಗೆದರು. ಅವರ ದಾಖಲೆಗಳು ಜಿಬಿಐಎಫ್ ಅನ್ನೋ ಜಾಗತಿಕ ತಾಣದಲ್ಲೂ ಸಿಗುತ್ತವೆ. ಲಾಗಿನ್ ಇಲ್ಲದೆ ಹುಡುಕಬಹುದು, ದುಡ್ಡು ಕೊಡಬೇಕಿಲ್ಲ. ಮ್ಯಾಪಿನ ಮೇಲೆ ಗೆರೆ ಎಳೆದು "ಇಷ್ಟು ಜಾಗದೊಳಗೆ ಏನೇನಿದೆ" ಅಂತ ಕೇಳಬಹುದು. ಸಾಫ್ಟ್‌ವೇರಿನವನಾಗಿ ನನಗೆ ಹೊಟ್ಟೆಕಿಚ್ಚಾಗೋ ಅಷ್ಟು ಚೆನ್ನಾಗಿದೆ.

ಆದರೂ ಮೊದಲ ಸಲ ನಾನು ಎಡವಿದೆ. ಕರ್ನಾಟಕ ಅಂತ ಹುಡುಕಿದ್ದೆ. ಆಮೇಲೆ ಹೊಳೀತು, ನಮ್ಮ ರಾಜ್ಯಕ್ಕೆ ಆ ಹೆಸರು ಬಂದಿದ್ದೇ 1973ರ ನವೆಂಬರ್ 1ಕ್ಕೆ. ಅದಕ್ಕೂ ಮೊದಲು ಬರೆದ ಲೇಬಲ್‌ಗಳಲ್ಲಿ ಇರೋದು ಮೈಸೂರು. ಊರಿನ ಹೆಸರಿನ ಸ್ಪೆಲಿಂಗೂ ಒಬ್ಬೊಬ್ಬರದು ಒಂದೊಂದು ಥರ, ಇನ್ನೂ ಹಳೆಯದಾದರೆ ತಾಲೂಕೇ ಮಂಜರಾಬಾದ್. ಹಳೆ ಹೆಸರು ಹೊಸ ಹೆಸರು ಜೋಡಿಸೋ ಒಂದು ಪಟ್ಟಿ ಮಾಡೋಕೆ ಎರಡು ವಾರದ ಸ್ಪ್ರಿಂಟ್ ಸಾಕು ಅಂದುಕೊಂಡೆ. ಕೈಬರಹದ ನಾಲ್ಕು ಲೇಬಲ್ ಓದೋಕೆ ಕೂತ ಮೇಲೆ ಆ ಮಾತು ವಾಪಸ್ ತಗೊಂಡೆ.

ಈಗ ನಮ್ಮ ಮನೆ ಕಥೆ. 2022ರಲ್ಲಿ ಭಾರತೀಯ ವರ್ಚುವಲ್ ಹರ್ಬೇರಿಯಂ ಶುರುವಾದಾಗ ಅದರಲ್ಲಿ ಇದ್ದದ್ದು ಸುಮಾರು 1 ಲಕ್ಷ ಹಾಳೆಗಳ ಚಿತ್ರ. ಹೌರಾದ ಕೇಂದ್ರೀಯ ಸಂಗ್ರಹ ಒಂದರಲ್ಲೇ ಸುಮಾರು 20 ಲಕ್ಷ ಹಾಳೆಗಳಿವೆ. ಕೆಲಸ ದೊಡ್ಡದು, ಜನ ಕಮ್ಮಿ, ಒಪ್ಪೋಣ. ನನ್ನ ತಕರಾರು ಹಾಳೆಗಳ ಸಂಖ್ಯೆ ಬಗ್ಗೆ ಇಲ್ಲ. ನಾನು ನೋಡಿದ ದೇಸಿ ತಾಣವೊಂದರಲ್ಲಿ (ಹೆಸರು ಬೇಡ) ಎಲೆಯ ನಟ್ಟನಡುವೆ ವಾಟರ್‌ಮಾರ್ಕ್ ಹೊಡೆದಿದ್ದಾರೆ. ಝೂಮ್ ಮಾಡಿದರೆ ಲೇಬಲ್ ಮಸುಕು. ಹುಡುಕೋಕೆ ಇರೋದು ಒಂದೇ ಡಬ್ಬಿ, ಅದಕ್ಕೆ ಲ್ಯಾಟಿನ್ ಹೆಸರನ್ನೇ ಹಾಕಬೇಕು. ಲೇಬಲ್‌ನಲ್ಲಿ ಬರೆದಿದ್ದನ್ನ ಯಾರೂ ಟೈಪ್ ಮಾಡಿಲ್ಲ.

ನಮ್ಮ 'ಭೂಮಿ' ತಂತ್ರಾಂಶದಲ್ಲಿ ಪಹಣಿ ನೋಡೋಕೆ ಜಿಲ್ಲೆ, ತಾಲೂಕು, ಹೋಬಳಿ, ಊರು, ಸರ್ವೆ ನಂಬರ್ ಕೊಟ್ಟರೆ ಆಯ್ತು. ನಮ್ಮಪ್ಪನಿಗೂ ಬರುತ್ತೆ. ಅದರ ಬದಲು ಎಲ್ಲಾ ಪಹಣಿ ಫೋಟೋ ತೆಗೆದು ಹಾಕಿ, "ಮಣ್ಣಿನ ವೈಜ್ಞಾನಿಕ ಹೆಸರು ಹೇಳಿ, ಹುಡುಕಿ ಕೊಡ್ತೀವಿ" ಅಂದಿದ್ದರೆ? ಗಿಡದ ಲ್ಯಾಟಿನ್ ಹೆಸರು ಮೊದಲೇ ಗೊತ್ತಿರೋನಿಗೆ ಅರ್ಧ ಉತ್ತರ ಗೊತ್ತಿದ್ದಂತೆಯೇ. ಊರು ಗೊತ್ತಿದ್ದು ಗಿಡದ ಹೆಸರು ಗೊತ್ತಿಲ್ಲದವನು ಆ ತಾಣದ ಬಾಗಿಲಲ್ಲೇ ನಿಲ್ಲಬೇಕು.

ಸಸ್ಯವಿಜ್ಞಾನ ಓದಿದ ಗೆಳೆಯನೊಬ್ಬನ ಹತ್ತಿರ ಇದನ್ನೇ ಹೇಳಿ ಜಗಳ ಆಡಿದೆ. ಅವನ ವಾದವೂ ಗಟ್ಟಿ: "ಬ್ರಾಹ್ಮಿ ಅಂತ ಹುಡುಕು ನೋಡೋಣ. ನಿಮ್ಮ ಒಂದೆಲಗಕ್ಕೂ ಬ್ರಾಹ್ಮಿ ಅಂತಾರೆ, ನೀರುಬ್ರಾಹ್ಮಿಗೂ ಬ್ರಾಹ್ಮಿ ಅಂತಾರೆ. ಎರಡಕ್ಕೂ ಸಂಬಂಧವೇ ಇಲ್ಲ. ಯಾವುದನ್ನ ಕೊಡ್ಲಿ?" ಎರಡನ್ನೂ ಕೊಡು ಮಾರಾಯ, ಫೋಟೋ ನೋಡಿ ನಾನೇ ಆರಿಸ್ಕೋತೀನಿ ಅಂದೆ. ಇನ್ನೊಂದು ಮಾತಲ್ಲಿ ಮಾತ್ರ ಸೋತೆ. ಮರದರಿಶಿನದಂಥ ಗಿಡ ಎಲ್ಲಿದೆ ಅಂತ ನಿಖರವಾಗಿ ಹಾಕಿದರೆ ಮಾರನೇ ದಿನ ಕತ್ತಿ ಹಿಡಿದು ಬರೋರಿದ್ದಾರೆ. ಅಂಥವುಗಳ ಜಾಗ ಮುಚ್ಚಿಡೋದು ಸರಿಯೇ. ಮುಚ್ಚಿಡೋದು ಬೇರೆ, ಟೈಪೇ ಮಾಡದಿರೋದು ಬೇರೆ.

ಕೊನೆಗೆ ರೆಮುಸೇಷಿಯಾ ವಿವಿಪಾರ ಅನ್ನೋ ಮರಕೆಸದ ಲ್ಯಾಟಿನ್ ಹೆಸರು ಕಲಿತು ಜಿಬಿಐಎಫ್‌ನಲ್ಲೇ ಹುಡುಕಿದೆ. ಪಶ್ಚಿಮಘಟ್ಟದ್ದೇ ಒಂದು ಹಾಳೆ ಸಿಕ್ತು. ಕಂದು ಬಣ್ಣಕ್ಕೆ ತಿರುಗಿದ ಎಲೆ, ಪಕ್ಕದಲ್ಲೊಂದು ದಂಟು. ಆ ದಂಟಿನ ಮೇಲೆ ಕೊಕ್ಕೆ ಕೂದಲಿನ ಮರಿಗೆಡ್ಡೆಗಳು. ಪ್ರಾಣಿಗಳ ಮೈಗೆ ಅಂಟಿಕೊಂಡು ಮರದಿಂದ ಮರಕ್ಕೆ ಹೋಗೋದು ಅವೇ. ಫೋಟೋನ ಅವ್ವನಿಗೆ ವಾಟ್ಸಾಪ್ ಮಾಡಿದೆ.

ಹತ್ತು ನಿಮಿಷಕ್ಕೆ ಫೋನ್ ಬಂತು. "ಮರಕೆಸನೇ ಕಣೋ. ಬಲಿತ ಎಲೆ ಕಿತ್ತವ್ರೆ, ಎಳೇದು ಕೀಳ್ಬೇಕಿತ್ತು. ಪಕ್ಕದಲ್ಲಿ ಏನೋ ಬರೆದವ್ರಲ್ಲ, ಹುಣಸೆಹಣ್ಣು ಜಾಸ್ತಿ ಹಾಕ್ಬೇಕು ಅಂತ ಬರೆದವ್ರಾ?"

ಲೇಬಲ್ ಇನ್ನೊಮ್ಮೆ ನೋಡಿದೆ. ತಾರೀಖಿತ್ತು, ಕಿತ್ತವರ ನಂಬರಿತ್ತು. 'ಸ್ಥಳೀಯ ಹೆಸರು' ಅನ್ನೋದರ ಮುಂದೆ ಏನೂ ಬರೆದಿರಲಿಲ್ಲ.