‘ಮೋಹನಸ್ವಾಮಿ’: ಕಾರ್ತಿಕನ ಕಡೆಯಿಂದ

ವಸುಧೇಂದ್ರರ ಕಥಾಸಂಕಲನ ‘ಮೋಹನಸ್ವಾಮಿ’ (2013) ಸಲಿಂಗಪ್ರೇಮದ ಕಥೆಗಳೆಂದೇ ಹೆಸರಾಗಿದೆ. ಜೊತೆಗಾರ ಕಾರ್ತಿಕ್ ಹೆಣ್ಣೊಬ್ಬಳನ್ನು ಮದುವೆಯಾಗಲು ಹೊರಟಾಗ ಮೋಹನಸ್ವಾಮಿ ಪಡುವ ಸಂಕಟವನ್ನು ಲೇಖಕರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಸಂಕಲನದ ಶಕ್ತಿಯೂ ಅದೇ.

ಆದರೆ ಪುಸ್ತಕ ಮುಚ್ಚಿದ ಮೇಲೆ ನನ್ನನ್ನು ಕಾಡಿದವನು ಕಾರ್ತಿಕ್. ಕೈಕೊಟ್ಟವನೆಂದು ಬೈದು ನಾವು ಪುಟ ತಿರುವುತ್ತೇವೆ. ಗಂಡು, ಹೆಣ್ಣು ಇಬ್ಬರಲ್ಲೂ ನಿಜವಾಗಿ ಮನಸ್ಸಿಡುವ ಗಂಡಸರಿದ್ದಾರೆ. ಕಾರ್ತಿಕ್ ಅಂಥವನೋ, ಅನುಕೂಲ ನೋಡಿದವನೋ ತಿಳಿಯುವಷ್ಟು ಹತ್ತಿರಕ್ಕೆ ಕಥೆ ನಮ್ಮನ್ನು ಒಯ್ಯುವುದಿಲ್ಲ. ನೋವುಂಡವನ ಕಣ್ಣಿನ ಕಥೆಗೆ ಇದು ಸಹಜ, ಕೊರತೆಯೂ ಹೌದು.

ಅಂಥವರಿಗೆ ಎರಡು ಕಡೆಯೂ ನೆಲೆಯಿಲ್ಲ. ಮನೆಯವರು ‘ಮದುವೆಯಾದರೆ ಸರಿಹೋಗುತ್ತದೆ’ ಎನ್ನುತ್ತಾರೆ. ಸಲಿಂಗಪ್ರೇಮಿ ಗೆಳೆಯರೂ ‘ಪುಕ್ಕಲ’ ಎಂದು ದೂರವಿಡುವುದುಂಟು. ಖಿನ್ನತೆ, ಆತಂಕಗಳು ಇವರಲ್ಲಿ ಇತರ ಗಂಡಸರಿಗಿಂತ ಹೆಚ್ಚೆಂದು ವಿದೇಶದ ಅಧ್ಯಯನಗಳು ತೋರಿಸಿವೆ. ಬಚ್ಚಿಡುವ ಭಾರ, ಯಾರೂ ನಂಬದಿರುವುದು, ಇವು ತಜ್ಞರು ಹೇಳುವ ಮುಖ್ಯ ಕಾರಣಗಳು. ವಯಸ್ಕರ ಸಮ್ಮತಿಯ ಸಂಬಂಧ 377ನೆಯ ಕಲಮಿನಡಿ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿತು. ನಂಬಿ ಕೇಳುವ ಅಣ್ಣನನ್ನೋ ಅತ್ತಿಗೆಯನ್ನೋ ಕೋರ್ಟು ಕೊಡಲಾರದು.

ಮಗನಿಗೆ ಹೆಣ್ಣು ನೋಡಲು ಊರಿಗೆ ಟಿಕೆಟ್ ತೆಗೆಸುವ ಮುನ್ನ ನಮ್ಮ ತಂದೆತಾಯಿಗಳು ಈ ಪುಸ್ತಕವನ್ನೊಮ್ಮೆ ಓದಲಿ. ಅವನು ಮಾತಿಲ್ಲದೆ ಕುಳಿತಿದ್ದರೆ ಹತ್ತಿರ ಕೂತು ಕೇಳಲಿ, ಕೇಳಿದ ಮೇಲೆ ಸಿಡುಕದಿರಲಿ. ಮಗ, ಅವನ ಗೆಳೆಯ, ಬರಲಿರುವ ಸೊಸೆ: ಮೂವರ ಬಾಳು ಆ ಒಂದು ಮಾತಿನ ಮೇಲೆ ನಿಂತಿರಬಹುದು.