ವಾಹನದಟ್ಟಣೆಯ ಗಣಿತ: ಬೆಂಗಳೂರಿನ ಎರಡು ಪ್ರಯೋಗಗಳ ವಿಮರ್ಶೆ

ಜನಸಮೂಹದ ವರ್ತನೆಯನ್ನು ಭೌತವಿಜ್ಞಾನದ ನಿಯಮಗಳಿಂದ ವಿವರಿಸಬೇಕೆಂಬ ಹಂಬಲ ಹೊಸದೇನೂ ಅಲ್ಲ. ಬೆಲ್ಜಿಯಂ ದೇಶದ ಕೆಟ್ಲೆಯು 1835ರಷ್ಟು ಹಿಂದೆಯೇ ‘ಸಾಮಾಜಿಕ ಭೌತವಿಜ್ಞಾನ’ ಎಂಬ ಮಾತನ್ನು ತನ್ನ ಗ್ರಂಥದ ಹೆಸರಿನಲ್ಲಿ ಸೇರಿಸಿದನು. ನಮ್ಮ ದೇಶಕ್ಕೂ ಈ ಪರಂಪರೆಗೂ ಸಂಬಂಧವಿಲ್ಲದಿಲ್ಲ. ಅರ್ಥಶಾಸ್ತ್ರ ಭೌತವಿಜ್ಞಾನಗಳನ್ನು ಒಂದುಗೂಡಿಸಿದ ‘ಎಕಾನೊಫಿಸಿಕ್ಸ್’ ಎಂಬ ಪದವನ್ನು ಅಮೆರಿಕದ ಯೂಜೀನ್ ಸ್ಟ್ಯಾನ್ಲಿಯವರು ಮೊದಲು ಬಳಸಿದುದು 1995ರಲ್ಲಿ, ಕಲ್ಕತ್ತೆಯ ಸಮ್ಮೇಳನವೊಂದರಲ್ಲಿ. ಆದರೆ ಹೆಸರಿಟ್ಟ ಮಾತ್ರಕ್ಕೆ ಶಾಸ್ತ್ರ ಹುಟ್ಟುವುದಿಲ್ಲ. ಮೂರು ಶಾಸ್ತ್ರಗಳು ಕೂಡಿ ನಡೆಸಿದ ಸಂಶೋಧನೆಯು ಒಂದು ಊರಿನ ಒಂದು ರಸ್ತೆಯ ಮುಂದೆ ಬಂದು ನಿಂತಾಗ ಏನಾಗುತ್ತದೆಂಬುದನ್ನು ಪರೀಕ್ಷಿಸುವುದೇ ಪ್ರಕೃತ ಲೇಖನದ ಉದ್ದೇಶ.

ಆ ರಸ್ತೆಯನ್ನು ದೂರ ಹುಡುಕಬೇಕಾದುದಿಲ್ಲ. ಸಿಲ್ಕ್ ಬೋರ್ಡಿನಿಂದ ಮಾರತ್ತಹಳ್ಳಿ, ದೊಡ್ಡನೆಕ್ಕುಂದಿ, ಮಹದೇವಪುರಗಳನ್ನು ಹಾದು ಕೃಷ್ಣರಾಜಪುರವನ್ನು ಸೇರುವ ಹೊರವರ್ತುಲ ರಸ್ತೆಯ ಭಾಗವು ಸುಮಾರು 17 ಕಿಲೋಮೀಟರು ಉದ್ದವಿದೆ. ಮಹದೇವಪುರವು 2007ರವರೆಗೆ ತನ್ನದೇ ನಗರಸಭೆಯನ್ನು ಹೊಂದಿದ್ದ ಪ್ರತ್ಯೇಕ ಊರು. ಇಂದು ಅಲ್ಲಿ ಬೆಳಗಿನ ಹೊತ್ತು ರಸ್ತೆಯನ್ನು ದಾಟಬೇಕಾದವರಿಗೆ ದಟ್ಟಣೆಯೆಂದರೇನೆಂದು ಯಾವ ಶಾಸ್ತ್ರಜ್ಞನೂ ಹೇಳಿಕೊಡಬೇಕಾದುದಿಲ್ಲ. ಟಾಮ್‌ಟಾಮ್ ಸಂಸ್ಥೆಯ 2019ರ ಎಣಿಕೆಯಲ್ಲಿ ಬೆಂಗಳೂರು ಲೋಕದ ನಗರಗಳಲ್ಲೆಲ್ಲ ಮೊದಲ ಸ್ಥಾನವನ್ನು ಪಡೆದಿದ್ದಿತು. ಅಲ್ಲಿ ಖಾಲಿ ರಸ್ತೆಯಲ್ಲಿ ತಗಲುವ ಕಾಲಕ್ಕಿಂತ ಸರಾಸರಿ ಶೇಕಡ 71ರಷ್ಟು ಹೆಚ್ಚು ಕಾಲ ತಗಲುತ್ತಿದ್ದಿತು.

ಮೊದಲು ಭೌತವಿಜ್ಞಾನಿಗಳ ಮಾತನ್ನು ಕೇಳೋಣ. 1955ರಲ್ಲಿ ಲೈಟ್‌ಹಿಲ್ ಮತ್ತು ವಿದಮ್ ಎಂಬ ಇಬ್ಬರು ಇಂಗ್ಲೆಂಡಿನ ಗಣಿತಜ್ಞರು, ನದಿಯಲ್ಲಿ ನೆರೆಯ ಅಲೆ ಸಾಗುವಂತೆಯೇ ರಸ್ತೆಯಲ್ಲಿ ದಟ್ಟಣೆಯ ಅಲೆ ಸಾಗುತ್ತದೆಂದು ತೋರಿಸಿದರು. 1992ರಲ್ಲಿ ನಾಗೆಲ್ ಮತ್ತು ಶ್ರೆಕೆನ್‌ಬರ್ಗ್ ಎಂಬ ಜರ್ಮನ್ ವಿದ್ವಾಂಸರು ರಸ್ತೆಯನ್ನು ಚದುರಂಗದ ಮನೆಗಳಂತೆ ವಿಭಾಗಿಸಿ, ಮನೆಗೊಂದು ವಾಹನವನ್ನಿರಿಸಿ, ಚಾಲಕನು ಆಗಾಗ ಕಾರಣವಿಲ್ಲದೆ ವೇಗವನ್ನು ತಗ್ಗಿಸುವನೆಂಬ ಒಂದೇ ಒಂದು ಊಹೆಯಿಂದ ದಟ್ಟಣೆಯನ್ನು ಹುಟ್ಟಿಸಿದರು. ಜಪಾನಿನ ಸುಗಿಯಾಮ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಯೋಗವು ಇದನ್ನು ಕಣ್ಣಿಗೆ ಕಾಣಿಸಿತು. 230 ಮೀಟರು ಸುತ್ತಳತೆಯ ವರ್ತುಲದಲ್ಲಿ 22 ಕಾರುಗಳು ಒಂದೇ ವೇಗದಲ್ಲಿ ಸುತ್ತಲಾರಂಭಿಸಿದವು. ಅಡ್ಡಿಯಿಲ್ಲ, ತಿರುವಿಲ್ಲ, ಸಿಗ್ನಲ್ ಇಲ್ಲ. ಆದರೂ ಸ್ವಲ್ಪ ಹೊತ್ತಿನಲ್ಲಿಯೇ ಕೆಲವು ಕಾರುಗಳು ನಿಂತು, ಆ ನಿಲುಗಡೆಯು ಅಲೆಯಂತೆ ಹಿಂದಕ್ಕೆ ಸರಿಯತೊಡಗಿತು. ಯಾರೊಬ್ಬರ ತಪ್ಪೂ ಇಲ್ಲದೆ ಸಮೂಹವೊಂದು ತಾನಾಗಿಯೇ ಸಿಕ್ಕಿಕೊಳ್ಳಬಲ್ಲದು ಎಂಬುದು ನಿಜವಾಗಿಯೂ ದೊಡ್ಡ ಅರಿವು.

ಹಾಗಿದ್ದರೂ ಈ ಮಾದರಿಗಳನ್ನು ನಮ್ಮ ರಸ್ತೆಗೆ ಹಾಗೆಯೇ ತರುವುದು ಸಾಧ್ಯವಿಲ್ಲ. ಅವು ಸಾಲನ್ನು ನಂಬಿದ ದೇಶಗಳಲ್ಲಿ ಹುಟ್ಟಿದವು. ಟಿನ್ ಫ್ಯಾಕ್ಟರಿಯ ಬಳಿ ಸಾಲೆಂಬುದು ರಸ್ತೆಯ ಮೇಲೆ ಬಳಿದ ಬಿಳಿಯ ಬಣ್ಣವೇ ಹೊರತು ಬೇರೆಯಲ್ಲ. ಕಲ್ಲುಗಳ ನಡುವೆ ಮರಳು ತುಂಬಿಕೊಳ್ಳುವಂತೆ ಬಸ್ಸು ಲಾರಿಗಳ ನಡುವಣ ಎಡೆಯಲ್ಲಿ ದ್ವಿಚಕ್ರವಾಹನಗಳು ತುಂಬಿಕೊಳ್ಳುತ್ತವೆ. ಮನೆಗೊಂದು ವಾಹನವೆಂಬ ಚದುರಂಗ ಅಲ್ಲಿಗೆ ಕೆಡುತ್ತದೆ.

ಇನ್ನು ಅರ್ಥಶಾಸ್ತ್ರ. ಇಲ್ಲಿ ಮುಖ್ಯವಾದ ಹೆಸರು ವಿಲಿಯಂ ವಿಕ್ರಿಯವರದು. 1996ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. 1969ರ ಅವರ ಪ್ರಬಂಧದ ಹುರುಳು ಹೀಗಿದೆ. ಎಲ್ಲರೂ ಒಂಬತ್ತು ಗಂಟೆಗೆ ಕಛೇರಿಯನ್ನು ಸೇರಬಯಸುವರು. ದಾರಿಯಲ್ಲೊಂದು ಇಕ್ಕಟ್ಟಾದ ಸೇತುವೆಯಿದೆ. ಸರಿಯಾದ ಹೊತ್ತಿಗೆ ಬರುವವನು ಸಾಲಿನಲ್ಲಿ ಕಾದು ಬೆಲೆ ತೆರುತ್ತಾನೆ. ಬೇಗ ಬರುವವನು ನಿದ್ದೆಗೆಟ್ಟು ಬೆಲೆ ತೆರುತ್ತಾನೆ. ಆ ಕಾಯುವಿಕೆಯಿಂದ ಯಾರಿಗೂ ಲಾಭವಿಲ್ಲ. ಅದರ ಬದಲಿಗೆ ಅಷ್ಟೇ ಬೆಲೆಯ ಸುಂಕವನ್ನು ವಿಧಿಸಿದರೆ ಸಾಲು ಮಾಯವಾಗುತ್ತದೆ, ಯಾರಿಗೂ ಮೊದಲಿಗಿಂತ ಹೆಚ್ಚಿನ ನಷ್ಟವಿಲ್ಲ, ಸುಂಕದ ಹಣವೆಲ್ಲ ಸಮಾಜಕ್ಕೆ ನಿವ್ವಳ ಲಾಭ. ತರಗತಿಯಲ್ಲಿ ಪಾಠ ಹೇಳುವವರಿಗೆ ಇದಕ್ಕಿಂತ ಸೊಗಸಾದ ವಾದ ಸಿಕ್ಕುವುದು ಕಷ್ಟ.

ಈ ವಿಚಾರಸರಣಿಯನ್ನು ಬೆಂಗಳೂರಿನಲ್ಲಿ ಎರಡು ಬಾರಿ ಒರೆಗೆ ಹಚ್ಚಲಾಗಿದೆ. ಮೊದಲನೆಯದು ಎಲೆಕ್ಟ್ರಾನಿಕ್ ಸಿಟಿಯಲ್ಲಿ, 2008ರ ಅಕ್ಟೋಬರಿನಿಂದ ಆರು ತಿಂಗಳ ಕಾಲ. ಗಣಕಜಾಲಗಳ ದಟ್ಟಣೆಯನ್ನು ಅಭ್ಯಾಸ ಮಾಡಿದ್ದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಬಾಲಾಜಿ ಪ್ರಭಾಕರ್ ಅವರು ಇನ್ಫೋಸಿಸ್ ಸಂಸ್ಥೆಯೊಡನೆ ಸೇರಿ, ಸುಮಾರು 14,000 ಉದ್ಯೋಗಿಗಳ ನಡುವೆ ಇದನ್ನು ನಡೆಸಿದರು. ಸುಂಕಕ್ಕೆ ಬದಲು ಬಹುಮಾನ. ಬೇಗ ಬಂದವರಿಗೆ ಅಂಕಗಳು, ಅಂಕಗಳಿಗೆ ವಾರಕ್ಕೊಮ್ಮೆ ಚೀಟಿ ಎತ್ತಿ ಹಣ. ಎಲ್ಲರಿಗೂ ಹತ್ತಿಪ್ಪತ್ತು ರೂಪಾಯಿ ಹಂಚುವುದಕ್ಕಿಂತ ಕೆಲವರಿಗೆ ಸಾವಿರಾರು ರೂಪಾಯಿ ದೊರೆಯುವ ಆಸೆಯೇ ಜನರನ್ನು ಬೇಗ ಎಬ್ಬಿಸುತ್ತದೆಂಬುದು ಅದರ ಹಿಂದಿನ ಮನಶ್ಶಾಸ್ತ್ರ. (ನಮ್ಮಲ್ಲಿ ಚೀಟಿ ವ್ಯವಹಾರವನ್ನು ಬಲ್ಲ ಗೃಹಿಣಿಯರಿಗೆ ಇದು ಹೊಸ ತತ್ತ್ವವೆನ್ನಿಸಲಾರದು.) ದಟ್ಟಣೆಗೆ ಮೊದಲೇ ಬರುವವರ ಸಂಖ್ಯೆ ಇಮ್ಮಡಿಯಾಯಿತು, ಬಸ್ಸಿನಲ್ಲಿ ಬರುವವರ ಸರಾಸರಿ ಬೆಳಗಿನ ಪ್ರಯಾಣ 71 ನಿಮಿಷದಿಂದ 54 ನಿಮಿಷಕ್ಕೆ ಇಳಿಯಿತು.

ಎರಡನೆಯದು ಗೇಬ್ರಿಯೆಲ್ ಕ್ರೈಂಡ್ಲರ್ ಅವರದು. 2017ರ ಸುಮಾರಿನಲ್ಲಿ ನಡೆದ ಈ ಕ್ಷೇತ್ರಪ್ರಯೋಗದ ಫಲ 2024ರಲ್ಲಿ ‘ಎಕಾನೊಮೆಟ್ರಿಕಾ’ ಪತ್ರಿಕೆಯಲ್ಲಿ ಅಚ್ಚಾಯಿತು. ಕಾರು ದ್ವಿಚಕ್ರಗಳ ಚಾಲಕರ ಮೊಬೈಲ್ ಫೋನಿನಲ್ಲಿ ಒಂದು ಆ್ಯಪ್ ಅಳವಡಿಸಿ, ಅವರು ಹೊರಡುವ ಹೊತ್ತು, ಹಿಡಿಯುವ ದಾರಿ ಎಲ್ಲವನ್ನೂ ದಾಖಲಿಸಿ, ದಟ್ಟಣೆಯ ಹೊತ್ತಿನ ಪ್ರಯಾಣಕ್ಕೆ ನಿಜವಾದ ಹಣದ ಸುಂಕವನ್ನೇ ವಿಧಿಸಿ ನೋಡಲಾಯಿತು. ಜನರು ತಮ್ಮ ಕಾಲಕ್ಕೆ ಹೆಚ್ಚಿನ ಬೆಲೆ ಕಟ್ಟುವರೆಂದೂ ಹೊರಡುವ ಹೊತ್ತನ್ನು ತಕ್ಕಮಟ್ಟಿಗೆ ಬದಲಿಸಬಲ್ಲರೆಂದೂ ತಿಳಿದುಬಂದಿತು. ಇಷ್ಟು ತಿಳಿದ ಮೇಲೆ ವಿಕ್ರಿಯವರ ವಾದವು ಗೆಲ್ಲಬೇಕಾಗಿದ್ದಿತು. ಆದರೆ ಕ್ರೈಂಡ್ಲರ್ ಅವರು ಅತ್ಯುತ್ತಮ ಸುಂಕದಿಂದಲೂ ಪ್ರಯಾಣಿಕರಿಗೆ ದೊರೆಯುವ ಲಾಭ ಅಲ್ಪವೆಂದು ತೀರ್ಮಾನಿಸಿದರು.

ಕಾರಣವು ಮನುಷ್ಯರಲ್ಲಿಲ್ಲ, ರಸ್ತೆಯಲ್ಲಿದೆ. ಲೇಖನದ ತಿರುಳು ಇಲ್ಲಿರುವುದರಿಂದ ವಿದ್ಯಾರ್ಥಿಗಳು ಸ್ವಲ್ಪ ತಾಳ್ಮೆಯಿಂದ ನೋಡಬೇಕು. ಇಕ್ಕಟ್ಟಾದ ಸೇತುವೆಯ ಮಾದರಿಯಲ್ಲಿ ಒಂದು ಮಿತಿಯವರೆಗೆ ವಿಳಂಬವೇ ಇಲ್ಲ, ಮಿತಿ ಮೀರಿದೊಡನೆ ಸಾಲು ಬೆಳೆಯುತ್ತದೆ. ಬೆಂಗಳೂರಿನ ರಸ್ತೆಗಳನ್ನು ಒಟ್ಟಾಗಿ ಅಳೆದಾಗಲಾದರೋ ವಾಹನಗಳ ಸಂಖ್ಯೆ ಏರಿದಂತೆ ವಿಳಂಬವೂ ಸರಳರೇಖೆಯಂತೆ ಏರುವುದು ಕಂಡುಬಂದಿತು. ಇದರ ಪರಿಣಾಮವನ್ನು ನಾವೇ ಕಲ್ಪಿಸಿದ ಒಂದು ಲೆಕ್ಕದಿಂದ ತಿಳಿಯಬಹುದು. ನೂರು ವಾಹನಗಳಿಗೆ ಒಂದು ನಿಮಿಷದಂತೆ ವಿಳಂಬವಾಗುವುದೆನ್ನೋಣ. ಒಂಬತ್ತು ಗಂಟೆಗೆ 3,000 ವಾಹನಗಳು, ತಲಾ 30 ನಿಮಿಷ. ಎಂಟು ಗಂಟೆಗೆ 2,400 ವಾಹನಗಳು, ತಲಾ 24 ನಿಮಿಷ. ಒಟ್ಟು ನಷ್ಟ 1,47,600 ನಿಮಿಷಗಳು. ಈಗ ನೂರು ಮಂದಿಯನ್ನು ಒಂಬತ್ತರಿಂದ ಎಂಟಕ್ಕೆ ಸರಿಸೋಣ. ಒಂಬತ್ತರಲ್ಲಿ 2,900 ವಾಹನಗಳು, ತಲಾ 29 ನಿಮಿಷ. ಎಂಟರಲ್ಲಿ 2,500, ತಲಾ 25 ನಿಮಿಷ. ಒಟ್ಟು 1,46,600. ಉಳಿತಾಯ ಕೇವಲ 1,000 ನಿಮಿಷಗಳು, ಶೇಕಡ ಒಂದಕ್ಕೂ ಕಡಮೆ. ಸರಿದವನೊಬ್ಬನ ಪಾಲಿಗೆ ಹತ್ತು ನಿಮಿಷ. ಗಂಟೆ ಮೊದಲೇ ಮನೆ ಬಿಡುವ ಕಷ್ಟವು ಹತ್ತು ನಿಮಿಷದ ಪ್ರಯಾಣಕ್ಕಿಂತ ಹೆಚ್ಚೆಂದು ಅವನಿಗೆ ತೋರಿದರೆ, ಇಡೀ ಏರ್ಪಾಡಿನಿಂದ ಸಮಾಜಕ್ಕೆ ನಷ್ಟವೇ. ಒಂಬತ್ತರ ಗುಡ್ಡವನ್ನು ಅಗೆದು ಎಂಟರ ಗುಡ್ಡದ ಮೇಲೆ ಸುರಿದಂತಾಯಿತು. ಎರಡೂ ಮೊದಲೇ ಎತ್ತರವಾಗಿದ್ದವು.

ಹಾಗಾದರೆ ಮೊದಲಿನ ಪ್ರಯೋಗ ಸುಳ್ಳೆ? ಅಲ್ಲ. ಅದು ಅಳೆದುದು ಬೇರೆಯದನ್ನು. ಸಂಸ್ಥೆಯ ಪ್ರಯಾಣಿಕರಿಗೆ ದೊರೆತ ಉಳಿತಾಯ ನಿಜ. ಆದರೆ ಹೊಸೂರು ರಸ್ತೆಯಲ್ಲಿ ಆ ಮುಂಜಾನೆ ಮೊದಲಿನಿಂದಲೂ ಸಾಗುತ್ತಿದ್ದ ಇತರರಿಗೆ ಏನಾಯಿತೆಂಬುದು ಆ ಲೆಕ್ಕದಲ್ಲಿ ಬರುವುದಿಲ್ಲ. ಒಂದು ಸಂಸ್ಥೆಯ ದೃಷ್ಟಿಯಿಂದ ಗೆದ್ದ ಉಪಾಯವು ನಗರದ ದೃಷ್ಟಿಯಿಂದಲೂ ಗೆದ್ದಿತೆಂದು ಹೇಳಲು ಇನ್ನೊಂದು ಅಳತೆ ಬೇಕು. ಆ ಅಳತೆಯನ್ನು ಮಾಡಿದುದೇ ಎರಡನೆಯ ಪ್ರಯೋಗದ ಹಿರಿಮೆ. ನಮ್ಮ ದೃಷ್ಟಿಯಲ್ಲಿ ಭೌತವಿಜ್ಞಾನಿಯು ಕೇಳುವ ಪ್ರಶ್ನೆಯನ್ನು, ಎಂದರೆ ರಸ್ತೆಯೆಂಬ ವಸ್ತುವಿನ ಗುಣವೇನು ಎಂಬುದನ್ನು, ಅರ್ಥಶಾಸ್ತ್ರಜ್ಞನೊಬ್ಬನು ಊಹಿಸದೆ ಅಳೆದು ನೋಡಿದುದರಿಂದಲೇ ಈ ಫಲ ದೊರೆಯಿತು. ಸುಂಕವೇ ಮದ್ದೆಂದು ಸಾರುವವರು ಈ ಪ್ರಬಂಧವನ್ನು ಓದದೆ ಮುಂದುವರಿಯಬಾರದು.

ಎರಡೂ ಪ್ರಯೋಗಗಳಿಗೆ ಸಮಾನವಾದ ಒಂದು ಕೊರತೆಯಿದೆ. ಮನುಷ್ಯಸಮೂಹವೆಂದು ಅವು ಕರೆಯುವುದು ಸಮೂಹದ ಒಂದು ತುಂಡನ್ನು ಮಾತ್ರ. ಮೊದಲನೆಯದರಲ್ಲಿ ತಮ್ಮ ಹೊತ್ತನ್ನು ತಾವೇ ಆಯಬಲ್ಲ ಸಾಫ್ಟ್‌ವೇರ್ ಉದ್ಯೋಗಿಗಳು. ಎರಡನೆಯದರಲ್ಲಿ ಸ್ವಂತ ವಾಹನವುಳ್ಳವರು. ಉದ್ಯೋಗಿಯು ಎಂಟಕ್ಕೆ ಬಂದರೆ ಅವನ ತಿಂಡಿ ಬೇಯಿಸುವವರೂ ನೆಲ ಒರೆಸುವವರೂ ಇನ್ನೂ ಮೊದಲು ಬರಬೇಕು. ಅವರ ನಿದ್ದೆಗೆ ಯಾವ ಚೀಟಿಯಲ್ಲಿಯೂ ಅಂಕವಿಲ್ಲ. ಪೀಣ್ಯದ ಕಾರ್ಖಾನೆಗಳಲ್ಲಿ ಪಾಳಿಯ ಹೊತ್ತನ್ನು ಕೆಲಸಗಾರನು ನಿಶ್ಚಯಿಸುವುದಿಲ್ಲ. ಶಾಲೆಯ ವ್ಯಾನು ಬರುವವರೆಗೆ ಮನೆ ಬಿಡಲಾರದ ತಾಯಿಗೆ ‘ಹೊತ್ತಿನ ಹೊಂದಾಣಿಕೆ’ ಎಂಬುದು ಸ್ವಭಾವವಲ್ಲ, ಸಂಸಾರದ ವ್ಯವಸ್ಥೆ. ಇವರನ್ನೆಲ್ಲ ಒಂದೇ ಜಾತಿಯ ಕಣಗಳೆಂದು ಭಾವಿಸಿದರೆ ಸಮೀಕರಣ ಹಗುರವಾಗುವುದು ನಿಜ.

ಇಲ್ಲಿ ಎಂ. ಎನ್. ಶ್ರೀನಿವಾಸರ ನೆನಪು ಬರುತ್ತದೆ. ಮೈಸೂರು ಸೀಮೆಯ ರಾಂಪುರದಲ್ಲಿ 1948ರಲ್ಲಿ ಕುಳಿತು ಅವರು ಸಂಗ್ರಹಿಸಿದ ಟಿಪ್ಪಣಿಗಳ ಸಂಸ್ಕರಿಸಿದ ಪ್ರತಿಗಳು 1970ರಲ್ಲಿ ಅದೇ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿಗೆ ಆಹುತಿಯಾದವು. ನೆನಪಿನಿಂದ ಬರೆದ ಗ್ರಂಥ 1976ರಲ್ಲಿ ಹೊರಬಂದಿತು. ಒಂದೇ ಊರಿನ ಜನರಲ್ಲಿ ಯಾರು ಯಾರಿಗಾಗಿ ಕಾಯುವರು, ಯಾರು ಯಾರನ್ನು ಕಾಯಿಸುವರು ಎಂಬುದನ್ನು ಕಾಣುವ ಕಣ್ಣು ಅಂಥ ಅಧ್ಯಯನಕ್ಕಿದೆ. ವಿ. ಕೆ. ಆರ್. ವಿ. ರಾಯರು 1972ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಗೆ ಶ್ರೀನಿವಾಸರು ಬಂದು ಸೇರಿದುದೂ ಅರ್ಥಶಾಸ್ತ್ರ ಸಮಾಜಶಾಸ್ತ್ರಗಳು ಒಂದೇ ಸೂರಿನಡಿ ಇರಲೆಂದೇ. ವಾಹನದಟ್ಟಣೆಯ ಸಂಶೋಧನೆಯಲ್ಲಿ ಆ ನೆರೆಹೊರೆಯು ಇನ್ನೂ ಸರಿಯಾಗಿ ಬೆಳೆದಿಲ್ಲವೆಂದೇ ಹೇಳಬೇಕು.

ಹೊಸ ದಾರಿ ತೆರೆದರೆ ಸಾಕೆಂಬ ಸಾಮಾನ್ಯ ನಂಬಿಕೆಯ ವಿಷಯವಾಗಿ ಒಂದು ಮಾತು. 2025ರ ಸೆಪ್ಟೆಂಬರಿನಲ್ಲಿ ಮುಖ್ಯಮಂತ್ರಿಗಳು ವಿಪ್ರೋ ಸಂಸ್ಥೆಯ ಸರ್ಜಾಪುರ ರಸ್ತೆಯ ಆವರಣದ ಮೂಲಕ ವಾಹನಗಳನ್ನು ಬಿಡುವಂತೆ ಅಜೀಂ ಪ್ರೇಮ್‌ಜಿಯವರನ್ನು ಪತ್ರಮುಖೇನ ಕೋರಿದರು; ಅವರು ಅದನ್ನು ಒಪ್ಪದೆ, ತಜ್ಞರಿಂದ ವೈಜ್ಞಾನಿಕ ಅಧ್ಯಯನ ನಡೆಯಲೆಂದು ಉತ್ತರಿಸಿದರು. ಜರ್ಮನ್ ಗಣಿತಜ್ಞ ಬ್ರೆಸ್ 1968ರಲ್ಲಿಯೇ, ಪ್ರತಿಯೊಬ್ಬನೂ ತನಗೆ ಹತ್ತಿರವಾದುದನ್ನು ಆಯುವ ಜಾಲದಲ್ಲಿ ಹೊಸ ರಸ್ತೆಯೊಂದು ಎಲ್ಲರ ಪ್ರಯಾಣವನ್ನೂ ದೀರ್ಘಗೊಳಿಸಬಹುದೆಂದು ಸಾಧಿಸಿದ್ದನು. ಅಲ್ಲಿಯೂ ಹಾಗೆಯೇ ಆಗುತ್ತಿದ್ದಿತೆಂದು ನಾವು ಹೇಳುತ್ತಿಲ್ಲ. ಅಳೆಯದೆ ಎರಡು ಕಡೆಯವರೂ ಹೇಳಲಾರರು.

ಅಳತೆಗೆ ಅವಕಾಶ ನಮ್ಮ ಕಣ್ಣೆದುರಿಗೇ ಇದ್ದಿತು. ಕೃಷ್ಣರಾಜಪುರದಿಂದ ವೈಟ್‌ಫೀಲ್ಡಿಗೆ ನೇರಳೆ ಮಾರ್ಗದ ಮೆಟ್ರೋ ರೈಲು ಆರಂಭವಾದುದು 2023ರ ಮಾರ್ಚ್ 25ರಂದು; ಬೈಯ್ಯಪ್ಪನಹಳ್ಳಿಯಿಂದ ಕೃಷ್ಣರಾಜಪುರದವರೆಗಿನ ಸಣ್ಣ ತುಂಡು ಮಾತ್ರ ಅದೇ ವರ್ಷದ ಅಕ್ಟೋಬರ್ 9ರವರೆಗೆ ತೆರೆಯಲಿಲ್ಲ. ಆ ಆರೂವರೆ ತಿಂಗಳು ಪ್ರಯಾಣಿಕರು ನಡುವೆ ಇಳಿದು, ಬಸ್ಸು ಹಿಡಿದು, ಮತ್ತೆ ಏರಬೇಕಾಗಿದ್ದಿತು. ಇಕ್ಕಟ್ಟಾದ ಸೇತುವೆಯ ಮಾದರಿಯೇ ಊರಿನ ನಡುವೆ ನಿಂತು, ನಿಶ್ಚಿತವಾದ ಒಂದು ದಿನ ಮಾಯವಾದಂತೆ. ಆ ದಿನದ ಹಿಂದಿನ ಮತ್ತು ಮುಂದಿನ ವಾರಗಳಲ್ಲಿ ಮಹದೇವಪುರದ ಕಛೇರಿಗಳಿಗೆ ಯಾರು ಎಷ್ಟು ಹೊತ್ತಿಗೆ ಮನೆ ಬಿಟ್ಟರು, ಯಾರು ವಾಹನವನ್ನು ಮನೆಯಲ್ಲಿಯೇ ಬಿಟ್ಟರು, ಹೀಗೆ ತೆರವಾದ ರಸ್ತೆಯನ್ನು ಮತ್ತೆ ಯಾರು ತುಂಬಿದರು ಎಂಬುದನ್ನು ಟಿಕೆಟ್ಟಿನ ದಾಖಲೆಗಳಿಂದಲೂ ಮನೆಮನೆಯ ವಿಚಾರಣೆಯಿಂದಲೂ ಒಟ್ಟಿಗೆ ಕೆದಕಿ ನೋಡುವ ಕೆಲಸಕ್ಕೆ ಭೌತವಿಜ್ಞಾನ, ಅರ್ಥಶಾಸ್ತ್ರ, ಸಮಾಜಶಾಸ್ತ್ರ ವಿಭಾಗಗಳಿಂದ ಒಬ್ಬೊಬ್ಬ ವಿದ್ಯಾರ್ಥಿಯಾದರೂ ಬೇಕಾದೀತು.