ನೆನಪಿನಲ್ಲಿ ಬಿಟ್ಟುಹೋದವರು

ಆತ್ಮಕಥೆ ಬೇರೆ, ನೆನಪಿನ ಬರಹ ಬೇರೆ ಎಂದು ನನಗೆ ತಿಳಿದದ್ದು ತಡವಾಗಿ. ಆತ್ಮಕಥೆಗೆ ಹುಟ್ಟಿದ್ದು, ಓದಿದ್ದು, ಗೆದ್ದದ್ದು ಎಲ್ಲವೂ ಸಾಲಾಗಿ ಬೇಕು. ನೆನಪಿನ ಬರಹಕ್ಕೆ ಒಂದು ಅಡುಗೆಮನೆ, ಒಂದು ಸಂಬಂಧ, ನಾಲ್ಕು ವರ್ಷ ಸಾಕು. ಆದರೆ ಅಷ್ಟರಲ್ಲಿಯೇ ಏನನ್ನು ಹೇಳಿದೆವು, ಯಾರನ್ನು ಬಿಟ್ಟೆವು ಎಂಬುದರ ಮೇಲೆ ಅದರ ಬೆಲೆ ನಿಂತಿದೆ.

ಪಿ. ಲಂಕೇಶರ ‘ಹುಳಿಮಾವಿನ ಮರ’ ಓದಿದವರು ಇಂದಿರಾ ಲಂಕೇಶರ ‘ಹುಳಿಮಾವು ಮತ್ತು ನಾನು’ (2013) ಪುಸ್ತಕವನ್ನೂ ಓದಬೇಕು. ಮನೆ ಒಂದೇ, ಕಿಟಕಿ ಎರಡು. ಗಂಡನ ಪುಸ್ತಕದ ತುಂಬ ಸಾಹಿತ್ಯ, ಸಿನಿಮಾ, ಪತ್ರಿಕೆ, ಗೆಳೆಯರು. ಹೆಂಡತಿಯ ಪುಸ್ತಕದಲ್ಲಿ ಮಕ್ಕಳು, ಮನೆಖರ್ಚು, ತಾನೇ ನಡೆಸಿದ ಸೀರೆ ವ್ಯಾಪಾರ. ಒಬ್ಬರದು ನಿಜ, ಇನ್ನೊಬ್ಬರದು ಸುಳ್ಳು ಎನ್ನುವಂತಿಲ್ಲ. ಎರಡನ್ನೂ ಓದಿದಾಗಲೇ ಆ ಮನೆ ನಮಗೆ ಕಾಣುವುದು.

2019ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಡಾ. ವಿಜಯಾ ಅವರ ‘ಕುದಿ ಎಸರು’ ಇನ್ನೂ ಕಠಿಣ. ಎಸರು ಎಂದರೆ ಅಕ್ಕಿ ಬೀಳುವ ಮುಂಚಿನ ನೀರು. ಸಂಸಾರದೊಳಗಿನ ಹಿಂಸೆಯನ್ನು ಅವರು ಮುಚ್ಚಳ ತೆಗೆದು ತೋರಿಸುತ್ತಾರೆ. ಮನೆಯ ಮಾತು ಹೊಸ್ತಿಲು ದಾಟಬಾರದು ಎಂದು ಕಲಿತ ನಮಗೆ ಅದು ಸುಲಭದ ಓದಲ್ಲ.

ಇಂಥ ಬರಹಕ್ಕೆ ಒಂದು ಅಪಾಯವೂ ಇದೆ. ಬರೆದವಳು ಪುಟಪುಟಕ್ಕೂ ನೊಂದವಳೇ ಆದರೆ ಓದುಗರು ಅಯ್ಯೋ ಎಂದು ಪುಸ್ತಕ ಮುಚ್ಚಿಬಿಡುತ್ತಾರೆ. ತಕ್ಕಡಿಯಲ್ಲಿ ತನ್ನನ್ನೂ ಇಡಬೇಕು. ನಮ್ಮ ಮಾನ್ವಿಯ ಜಗನ್ನಾಥದಾಸರ ಕಥೆ ಹೇಳುವ ಹಿರಿಯರು, ಅವರು ಮೊದಲು ವಿಜಯದಾಸರನ್ನು ಕಡೆಗಣಿಸಿದ್ದನ್ನು ಬಿಡದೆ ಹೇಳುತ್ತಾರೆ. ಆ ತಪ್ಪನ್ನು ತೆಗೆದರೆ ಕಥೆಯೇ ಉಳಿಯುವುದಿಲ್ಲ.

ಇದನ್ನೆಲ್ಲ ಓದಿದ ಮೇಲೆ ನನ್ನ ನೋಟುಬುಕ್ಕು ತೆಗೆದೆ. ದೇವದುರ್ಗದ ಬಾಲ್ಯದ ಬಗ್ಗೆ ನಲವತ್ತು ಪುಟ ಬರೆದಿದ್ದೆ. ‘ಕಷ್ಟಪಟ್ಟು ಬಿ.ಎ., ಬಿ.ಎಡ್. ಮುಗಿಸಿದೆ’ ಎಂದು ಹೆಮ್ಮೆಯಿಂದ ಬರೆದಿದ್ದೆ. ನಾನು ಕಂದೀಲಿನ ಮುಂದೆ ಓದುತ್ತಿದ್ದಾಗ ಒಲೆಯ ಮೇಲೆ ಎಸರಿಡುತ್ತಿದ್ದವಳು ಅಕ್ಕ. ಮನೆಗೆಲಸಕ್ಕೊಬ್ಬರು ಬೇಕೆಂದು ಏಳನೇ ತರಗತಿಗೇ ಅವಳನ್ನು ಶಾಲೆ ಬಿಡಿಸಿದ್ದರು. ನಲವತ್ತು ಪುಟದಲ್ಲಿ ಅವಳು ಬಂದದ್ದು ಒಮ್ಮೆ, ಅದೂ ಅವಳ ಮದುವೆಯ ದಿನ.

ಹೊಸದಾಗಿ ಬರೆದೆ. ಶಾಲೆ ಬಿಟ್ಟ ದಿನ ಅಕ್ಕ ಮೂಲೆಯಲ್ಲಿ ಕೂತು ಅತ್ತಳೆಂದು ಬರೆದೆ. ಒಂದು ಭಾನುವಾರ ರಾಯಚೂರಿನಿಂದ ಬಸ್ಸು ಹತ್ತಿ ಮಾನ್ವಿಗೆ ಹೋಗಿ ಅವಳಿಗೆ ಓದಿ ಹೇಳಿದೆ. ಜೋಳ ಹಸನು ಮಾಡುತ್ತಲೇ ಕೇಳಿದಳು.

“ಬರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಅಕ್ಕ ಅತ್ಲು ಅಂತ ಬರಿಬ್ಯಾಡ. ನಾ ಅತ್ತಿಲ್ಲ, ಸಿಟ್ಟಿಗೆದ್ದಿದ್ದೆ. ನೀ ನನ್ನ ಕಡಿಗಿ ನೋಡ್ಲೇ ಇಲ್ಲ.”

ಆ ಒಂದು ಸಾಲು ತಿದ್ದಲು ನನಗೆ ಒಂದು ವಾರ ಹಿಡಿಯಿತು.